ಹಿಂದಿನ ಕೋಣೆಯ ಟಿವಿ ನಿಂತು ನಿಂತು ಬರ್ತಿದೆಯಾ? ದೋಷ ಎಲ್ಲಿದೆ ಅಂತ ಹುಡುಕುವ ಬಗೆ

ಮಾಳಿಗೆ ಮೇಲೆ ಒಂದು ಡಿಶ್. ಪಡಸಾಲೆಯ ಮೂಲೆಯಲ್ಲಿ, ಡಿಶ್‌ನ ಸಿಗ್ನಲ್ ಹಿಡಿಯುವ ಟ್ಯೂನರ್ ಸಿಕ್ಕಿಸಿದ ಸಣ್ಣ ಕಂಪ್ಯೂಟರ್, ಇಲ್ಲವೇ ಲಿನಕ್ಸ್ ಓಡುವ ರಿಸೀವರ್. ಅಲ್ಲಿಂದ ಮನೆಯ ವೈಫೈ ಹಿಡಿದು ಹಿಂದಿನ ಕೋಣೆಯ ಟಿವಿಗೆ, ಮೇಲಿನ ಮಹಡಿಯ ಫೋನಿಗೆ, ಬೆಂಗಳೂರಿನಲ್ಲಿ ಓದುವ ಮಗಳ ಲ್ಯಾಪ್‌ಟಾಪಿಗೆ ಚಿತ್ರ ಹೋಗಬೇಕು. ಬಳ್ಳಾರಿ, ಗಂಗಾವತಿ, ಸಿಂಧನೂರು ಕಡೆ ಇಂಥ ಏರ್ಪಾಡು ಮಾಡಿಕೊಂಡ ಮನೆಗಳಿಗೆ ನಾನು ಹೋಗಿ ಬರುತ್ತಿರುತ್ತೇನೆ. ಫೋನ್ ಬಂದಾಗ ಕೇಳುವ ಮಾತು ಹೆಚ್ಚುಕಡಿಮೆ ಒಂದೇ: "ಟಿವಿ ನಿಂತ್ ನಿಂತ್ ಬರ್ತೈತ್ರೀ, ಡಿಶ್ ಅಳ್ಳಾಡಿರಬೇಕು."

ಡಿಶ್ ಮೇಲೆ ಅಷ್ಟು ಬೇಗ ತಪ್ಪು ಹೊರಿಸಬೇಡಿ. ಮಾಳಿಗೆ ಹತ್ತಿ ನಟ್ಟು ಸಡಿಲಿಸುವ ಮೊದಲು ಒಂದು ಪ್ರಶ್ನೆಗೆ ಉತ್ತರ ಬೇಕು. ಚಿತ್ರ ಚೂರುಚೂರಾಗುತ್ತಿದೆಯೋ, ಇಲ್ಲ ಹಾಗೇ ನಿಂತು ಚಕ್ರ ತಿರುಗುತ್ತಿದೆಯೋ?

ಚೂರೋ, ಚಕ್ರವೋ

ಈ ಎರಡಕ್ಕೂ ತುಂಬಾ ವ್ಯತ್ಯಾಸ ಇದೆ. ಉಪಗ್ರಹದಿಂದ ಬರುವ ಚಿತ್ರ 188 ಬೈಟ್‌ನ ಸಣ್ಣ ಸಣ್ಣ ಪ್ಯಾಕೆಟ್‌ಗಳಾಗಿ ಬರುತ್ತದೆ. ಡಿಶ್, ಕೇಬಲ್, ಟ್ಯೂನರ್ ಈ ದಾರಿಯಲ್ಲಿ ಒಂದು ಪ್ಯಾಕೆಟ್ ಹಾಳಾದರೆ ಅದು ಹೋಯಿತು ಅಂತಲೇ ಲೆಕ್ಕ. ಇನ್ನೊಮ್ಮೆ ಕಳಿಸು ಅಂತ ಉಪಗ್ರಹವನ್ನು ಕೇಳುವ ಹಾಗಿಲ್ಲ. ಅದಕ್ಕೇ ಆ ಜಾಗದಲ್ಲಿ ಚೌಕ ಚೌಕ ಕಲೆ ಬರುತ್ತದೆ, ಮುಖ ಒಡೆದಂತೆ ಕಾಣುತ್ತದೆ, ದನಿ ಟಕ್ ಅಂತ ಕಡಿಯುತ್ತದೆ.

ಮನೆಯೊಳಗಿನ ನೆಟ್‌ವರ್ಕ್ ಹಾಗಲ್ಲ. ಚಾನೆಲ್‌ಗಳನ್ನು ಮನೆಯೊಳಗೆ ಹಂಚುವ ಟಿವಿಹೆಡ್‌ಎಂಡ್ ತಂತ್ರಾಂಶದಿಂದ, ಅದನ್ನು ತೋರಿಸುವ ವಿಎಲ್‌ಸಿಗೋ ಕೋಡಿಗೋ ಚಿತ್ರ ಹೋಗುವುದು ಸಾಮಾನ್ಯವಾಗಿ ಟಿಸಿಪಿ ಅನ್ನುವ ಪದ್ಧತಿಯ ಮೇಲೆ. ದಾರಿಯಲ್ಲಿ ಪ್ಯಾಕೆಟ್ ಕಳೆದರೆ ಆ ಕಡೆಯವರು ಮತ್ತೆ ಕೇಳಿ ಪಡೆಯುತ್ತಾರೆ. ತಡ ಆಗುತ್ತದೆ, ಆದರೆ ಬಂದದ್ದು ಪೂರ್ತಿ ಬರುತ್ತದೆ. ಹಾಗಾಗಿ ವೈಫೈ ಸೊರಗಿದಾಗ ಚಿತ್ರ ಚೂರಾಗುವುದಿಲ್ಲ, ನಿಲ್ಲುತ್ತದೆ. ಚಕ್ರ ತಿರುಗುತ್ತದೆ. ಆಮೇಲೆ ಬಿಟ್ಟಲ್ಲಿಂದ ಶುರುವಾಗುತ್ತದೆ.

ಚೂರಾದರೆ ಡಿಶ್‌ನ ಕಡೆ ನೋಡಿ, ಚಕ್ರ ತಿರುಗಿದರೆ ನೆಟ್‌ವರ್ಕ್ ಕಡೆ ನೋಡಿ. ಇದಕ್ಕೆ ಒಂದು ವಿನಾಯಿತಿ ಇದೆ. ಡಿಶ್‌ನ ಸಿಗ್ನಲ್ಲನ್ನು ನೇರ ನೆಟ್‌ವರ್ಕ್‌ಗೆ ಬಿಡುವ ಸ್ಯಾಟ್‌ಐಪಿ ಪೆಟ್ಟಿಗೆ ಇಟ್ಟುಕೊಂಡವರ ಮನೆಯಲ್ಲಿ, ಅಥವಾ ಒಮ್ಮೆ ಕಳಿಸಿದ್ದನ್ನು ಹಲವರು ಪಡೆಯುವ ಮಲ್ಟಿಕಾಸ್ಟ್ ಬಳಸುವಲ್ಲಿ, ಚಿತ್ರ ಸಾಮಾನ್ಯವಾಗಿ ಯುಡಿಪಿ ಅನ್ನುವ ಬೇರೆ ಪದ್ಧತಿಯ ಮೇಲೆ ಹೋಗುತ್ತದೆ. ಅಲ್ಲಿ ಕಳೆದದ್ದನ್ನು ಯಾರೂ ಮತ್ತೆ ಕಳಿಸುವುದಿಲ್ಲ. ವೈಫೈ ಕೆಟ್ಟರೂ ಚೂರೇ ಕಾಣುತ್ತದೆ. ಮಲ್ಟಿಕಾಸ್ಟ್ ಅನ್ನು ಎಷ್ಟೋ ರೌಟರ್‌ಗಳು ವೈಫೈನಲ್ಲಿ ತೀರಾ ಕಡಿಮೆ ವೇಗದಲ್ಲಿ ಬಿಡುತ್ತವೆ, ಅದರಿಂದ ಮನೆಯ ಉಳಿದ ಫೋನ್‌ಗಳೂ ಏದುಸಿರು ಬಿಡುತ್ತವೆ. ನನ್ನ ಸಲಹೆ ಕೇಳಿದರೆ, ಮನೆಯೊಳಗಿನ ವೈಫೈಗೆ ಮಲ್ಟಿಕಾಸ್ಟ್ ಬೇಡವೇ ಬೇಡ.

ಒಂದು ನಿಮಿಷ ರೆಕಾರ್ಡ್ ಮಾಡಿ

ಕಣ್ಣಿಗೆ ಕಂಡದ್ದರ ಮೇಲೆ ಇನ್ನೂ ಅನುಮಾನ ಇದ್ದರೆ ಹೀಗೆ ಮಾಡಿ. ತೊಂದರೆ ಕೊಡುವ ಚಾನೆಲ್ ಅನ್ನು ರಿಸೀವರ್‌ನಲ್ಲೇ ಒಂದೆರಡು ನಿಮಿಷ ರೆಕಾರ್ಡ್ ಮಾಡಿ. ಆ ಫೈಲನ್ನು ಪೆನ್‌ಡ್ರೈವ್‌ಗೆ ಹಾಕಿ, ಇನ್ನೊಂದು ಕಂಪ್ಯೂಟರಿನಲ್ಲಿ ನೋಡಿ. ಈಗ ವೈಫೈ ಇಲ್ಲ, ರೌಟರ್ ಇಲ್ಲ, ಹಿಂದಿನ ಕೋಣೆಯ ಟಿವಿಯೂ ಇಲ್ಲ. ಫೈಲ್ ಸ್ವಚ್ಛವಾಗಿದ್ದರೆ ಡಿಶ್, ಕೇಬಲ್, ಟ್ಯೂನರ್ ಮೂರೂ ಸರಿಯಾಗಿವೆ. ಫೈಲ್‌ನಲ್ಲೇ ಕಲೆ ಇದ್ದರೆ ಹೊಸ ರೌಟರ್‌ಗೆ ದುಡ್ಡು ಸುರಿದು ಪ್ರಯೋಜನ ಇಲ್ಲ.

ಈ ಒಂದು ಪರೀಕ್ಷೆ ಬಿಟ್ಟು ಬೇರೆ ಎಲ್ಲ ಮಾಡುವವರೇ ಜಾಸ್ತಿ. ಡಿಶ್ ಮುಂದಿನ ತೋಳಿನ ತುದಿಯಲ್ಲಿರುವ ಎಲ್‌ಎನ್‌ಬಿ ಬದಲಾಯಿಸುತ್ತಾರೆ, ವೈಫೈ ಎಕ್ಸ್‌ಟೆಂಡರ್ ತರುತ್ತಾರೆ, ಕೊನೆಗೆ ಟಿವಿಯನ್ನೇ ಬೈಯುತ್ತಾರೆ. ದಯವಿಟ್ಟು ಮೊದಲು ರೆಕಾರ್ಡ್ ಮಾಡಿ.

ಫೈಲ್‌ನಲ್ಲೇ ಕಲೆ ಇದ್ದರೆ

ಟಿವಿಹೆಡ್‌ಎಂಡ್ ಇದ್ದವರಿಗೆ ಕೆಲಸ ಹಗುರ. ಬ್ರೌಸರಿನಲ್ಲಿ ಅದರ ವಿಳಾಸ ಹಾಕಿ, ಪೋರ್ಟ್ 9981. ಸ್ಟೇಟಸ್ ಒಳಗೆ ಸ್ಟ್ರೀಮ್ ಅನ್ನುವ ಪುಟ ತೆರೆಯಿರಿ. ಸಿಗ್ನಲ್, ಎಸ್‌ಎನ್‌ಆರ್ (ಗದ್ದಲಕ್ಕಿಂತ ಸಿಗ್ನಲ್ ಎಷ್ಟು ಬಲ ಅನ್ನುವ ಅಳತೆ) ನೋಡಿ ಸುಮ್ಮನಾಗಬೇಡಿ. ಅದೇ ಸಾಲಿನಲ್ಲಿ ಬಲಕ್ಕೆ ಸರಿದರೆ ಎರಡು ಎಣಿಕೆ ಸಿಗುತ್ತವೆ. ಒಂದು ಅನ್‌ಕರೆಕ್ಟೆಡ್ ಬ್ಲಾಕ್ಸ್, ಇನ್ನೊಂದು ಕಂಟಿನ್ಯೂಟಿ ಎರರ್ಸ್.

ಮೊದಲನೆಯದು, ಟ್ಯೂನರ್ ತನ್ನ ಶಕ್ತಿ ಮೀರಿ ತಿದ್ದಿದರೂ ಸರಿಯಾಗದೆ ಉಳಿದ ಪ್ಯಾಕೆಟ್‌ಗಳ ಲೆಕ್ಕ. ಇದು ಏರುತ್ತಾ ಹೋದರೆ ಸಿಗ್ನಲ್ಲೇ ಕೆಟ್ಟಿದೆ. ಎರಡನೆಯದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಪ್ರತಿ ಪ್ಯಾಕೆಟ್ ಮೇಲೂ 0ಯಿಂದ 15ರವರೆಗೆ ಒಂದು ಅಂಕಿ ಇರುತ್ತದೆ. 15 ಆದ ಮೇಲೆ ಮತ್ತೆ 0. 6ರ ನಂತರ 7 ಬರಬೇಕಾದಲ್ಲಿ 9 ಬಂದರೆ ನಡುವೆ ಏನೋ ಕಳೆದಿದೆ ಅಂತ ಗೊತ್ತಾಗುತ್ತದೆ, ಎಣಿಕೆ ಏರುತ್ತದೆ. ಚಾನೆಲ್ ಬದಲಾಯಿಸಿದ ಕ್ಷಣದಲ್ಲಿ ಒಂದೆರಡು ಏರುವುದು ಸಹಜ, ಅದಕ್ಕೆ ಗಾಬರಿ ಬೇಡ.

ಈ ಎರಡನ್ನೂ ಜೊತೆಗಿಟ್ಟು ಓದಬೇಕು. ಎರಡೂ ಏರುತ್ತಿದ್ದರೆ ಮಾಳಿಗೆ ಹತ್ತುವುದು ಖಾತ್ರಿ. ಅನ್‌ಕರೆಕ್ಟೆಡ್ ಸೊನ್ನೆಯಲ್ಲೇ ನಿಂತು ಕಂಟಿನ್ಯೂಟಿ ಮಾತ್ರ ಏರುತ್ತಿದ್ದರೆ ಆಕಾಶದಿಂದ ಸರಿಯಾಗಿ ಬಂದದ್ದು ಪೆಟ್ಟಿಗೆಯೊಳಗೆ ಕಳೆಯುತ್ತಿದೆ. ಯುಎಸ್‌ಬಿ ಟ್ಯೂನರ್‌ನ ಸಡಿಲ ಪಿನ್, ಕರೆಂಟ್ ಸಾಲದ ಯುಎಸ್‌ಬಿ ಹಬ್, ಇಲ್ಲವೇ ಕಾದು ಸುಸ್ತಾದ ಪ್ರೊಸೆಸರ್. ಟ್ಯೂನರ್‌ಗೆ ಅದರದೇ ಅಡಾಪ್ಟರ್ ಕೊಡಿ, ಹಬ್ ತೆಗೆದು ನೇರ ಸಿಕ್ಕಿಸಿ, ಮತ್ತೆ ಎಣಿಕೆ ನೋಡಿ.

ಇನ್ನು ಮಾಳಿಗೆ. ಡಿಡಿ ಫ್ರೀ ಡಿಶ್ ಬರುವುದು 93.5 ಡಿಗ್ರಿ ಪೂರ್ವದಲ್ಲಿರುವ ಜಿಸ್ಯಾಟ್-15ರಿಂದ. ಬಳ್ಳಾರಿಯಿಂದ ನೋಡಿದರೆ ಅದು ಆಗ್ನೇಯ ದಿಕ್ಕು, ಉತ್ತರದಿಂದ ಸುಮಾರು 131 ಡಿಗ್ರಿ, ಎತ್ತರ ಸುಮಾರು 64 ಡಿಗ್ರಿ. ರಾಯಚೂರು, ಕೊಪ್ಪಳಕ್ಕೆ ಒಂದೆರಡು ಡಿಗ್ರಿ ಹೆಚ್ಚುಕಡಿಮೆ ಅಷ್ಟೇ. ಅಂದರೆ ಉಪಗ್ರಹ ತುಂಬಾ ಮೇಲಿದೆ. ನಮ್ಮದು ಆಫ್‌ಸೆಟ್ ಡಿಶ್, ಅಂದರೆ ಎಲ್‌ಎನ್‌ಬಿ ನಡುವಿಗೆ ಬಾರದೆ ಕೆಳಬದಿಗೆ ಇರುವಂಥದ್ದು, ಆದ್ದರಿಂದ ಅದರ ಮುಖ ಅಷ್ಟು ಮೇಲಕ್ಕೆ ನೋಡಿದಂತೆ ಕಾಣುವುದಿಲ್ಲ. ಕಣ್ಣಳತೆಯಲ್ಲಿ ಎತ್ತಲು ಹೋಗಿ ಇದ್ದ ಸಿಗ್ನಲ್ಲೂ ಕಳೆದುಕೊಳ್ಳಬೇಡಿ.

ಆನೆಗೊಂದಿ, ಗಂಗಾವತಿ ಕಡೆಯವರಿಗೆ ಮಂಗಗಳ ವಿಷಯ ನಾನು ಹೇಳಬೇಕಿಲ್ಲ. ಒಂದು ಮಂಗ ಎಲ್‌ಎನ್‌ಬಿ ತೋಳು ಹಿಡಿದು ಜೋತಾಡಿದರೆ ಸಾಕು, ಡಿಶ್ ಒಂದೆರಡು ಡಿಗ್ರಿ ಸರಿಯುತ್ತದೆ. ಕಂಬಕ್ಕೆ ಡಿಶ್ ಕೂತ ಜಾಗದಲ್ಲಿ ಬಣ್ಣದಿಂದ ಒಂದು ಗೆರೆ ಎಳೆದಿಡಿ. ಗೆರೆ ತಪ್ಪಿದ್ದರೆ ಡಿಶ್ ತಿರುಗಿದೆ ಅಂತ ನೋಡಿದ ಕೂಡಲೇ ತಿಳಿಯುತ್ತದೆ.

ಕೇಬಲ್ ಬಗ್ಗೆ ಹೇಳಲೇಬೇಕು. ನಮ್ಮ ಕಡೆಯ ಬಿಸಿಲಿಗೆ ಅಗ್ಗದ ಕೇಬಲ್‌ನ ಕಪ್ಪು ಹೊದಿಕೆ ಬಿರಿಯುತ್ತದೆ. ಬೇಸಿಗೆಯಲ್ಲಿ ಏನೂ ತೋರುವುದಿಲ್ಲ. ಮೊದಲ ಮಳೆ ಬಿದ್ದ ಮರುದಿನ ಬಿರುಕಿನಿಂದ ನೀರು ಇಳಿದು ಚಿತ್ರ ಚೂರಾಗಲು ಶುರು. ಎಲ್‌ಎನ್‌ಬಿ ಕಡೆಯ ಎಫ್ ಕನೆಕ್ಟರ್ ಬಿಚ್ಚಿ ನೋಡಿ. ಒಳಗಿನ ಜಾಲರಿ ತಂತಿ ಬೆಳ್ಳಗೆ ಹೊಳೆಯುತ್ತಿದ್ದರೆ ಸರಿ. ಕಪ್ಪಾಗಿದ್ದರೆ, ಹಸಿರು ಪುಡಿ ಕೂತಿದ್ದರೆ, ಒಂದು ಗೇಣು ಕತ್ತರಿಸಿದರೆ ಸಾಲದು. ನೀರು ಜಾಲರಿ ಹಿಡಿದು ಒಳಕ್ಕೆ ಬಹಳ ದೂರ ಹೋಗಿರುತ್ತದೆ. ಪೂರ್ತಿ ಕೇಬಲ್ ಬದಲಾಯಿಸಿ, ಒಳ್ಳೆಯ ಆರ್‌ಜಿ-6 ಹಾಕಿ. ಕನೆಕ್ಟರ್‌ಗೆ ಸೇರುವ ಮೊದಲು ಕೇಬಲ್ ಅನ್ನು ಒಂದು ಸುತ್ತು ಕೆಳಕ್ಕೆ ಇಳಿಬಿಟ್ಟರೆ ನೀರು ಅಲ್ಲೇ ತೊಟ್ಟಿಕ್ಕುತ್ತದೆ.

ಮೊಮ್ಮಗ ಬಂದರೆ ಅಜ್ಜಿಯ ಚಾನೆಲ್ ಹೋಗುತ್ತದೆ

ಗಂಗಾವತಿ ಹತ್ತಿರದ ಒಂದು ಹಳೇ ಮನೆ. ಪಡಸಾಲೆಯಲ್ಲಿ ದೊಡ್ಡ ಟಿವಿ, ಹಿಂದಿನ ಕೋಣೆಯಲ್ಲಿ ಅಜ್ಜಿಗೆ ಸಣ್ಣ ಟಿವಿ. ಅಜ್ಜಿಯ ಟಿವಿ ಆಗಾಗ ಪೂರ್ತಿ ಕಪ್ಪಾಗುತ್ತಿತ್ತು. ಚೂರೂ ಇಲ್ಲ, ಚಕ್ರವೂ ಇಲ್ಲ. ಮನೆಯವರು ವೈಫೈ ಅಂದರು. ಅಜ್ಜಿ ಮಾತ್ರ, "ತಮ್ಮಾ, ನನ್ನ ಮೊಮ್ಮಗ ಸಾಲಿಯಿಂದ ಬಂದ ಅಂದ್ರ ನನ್ನ ಚಂದನ ಹೋಗ್ತೈತಿ ನೋಡು" ಅಂದರು. ಅಲ್ಲೇ ಉತ್ತರ ಸಿಕ್ಕಿತು.

ಒಂದು ಟ್ಯೂನರ್ ಒಂದು ಹೊತ್ತಿಗೆ ಒಂದೇ ಟ್ರಾನ್ಸ್‌ಪಾಂಡರ್, ಅಂದರೆ ಉಪಗ್ರಹದ ಒಂದೇ ಪ್ರಸಾರ ತರಂಗ, ಹಿಡಿಯಬಲ್ಲದು. ಒಂದು ಟ್ರಾನ್ಸ್‌ಪಾಂಡರ್‌ನಲ್ಲಿ ಹಲವು ಚಾನೆಲ್‌ಗಳಿರುತ್ತವೆ. ಅದೇ ಗುಂಪಿನ ಚಾನೆಲ್‌ಗಳನ್ನು ನಾಲ್ಕು ಕೋಣೆಯಲ್ಲಿ ನಾಲ್ಕು ಮಂದಿ ನೋಡಿದರೂ ಒಂದೇ ಟ್ಯೂನರ್ ಸಾಕು. ಆದರೆ ಅಜ್ಜಿ ಡಿಡಿ ಚಂದನ ನೋಡುವಾಗ ಹುಡುಗ ಬೇರೆ ಗುಂಪಿನ ಚಾನೆಲ್ ಒತ್ತಿದರೆ ಇಬ್ಬರಲ್ಲಿ ಒಬ್ಬರಿಗೇ ಚಿತ್ರ. ಪಡಸಾಲೆಯ ಟಿವಿಗೆ ಆದ್ಯತೆ ಹೆಚ್ಚು ಕೊಟ್ಟು ಇಟ್ಟಿದ್ದರಿಂದ ಅಜ್ಜಿಯದು ಹೋಗುತ್ತಿತ್ತು. ಟಿವಿಹೆಡ್‌ಎಂಡ್‌ನ ಲಾಗ್‌ನಲ್ಲಿ 'ನೋ ಫ್ರೀ ಅಡಾಪ್ಟರ್' (ಇಲ್ಲಿ ಅಡಾಪ್ಟರ್ ಅಂದರೆ ಟ್ಯೂನರ್) ಅಂತ ಸಾಲು ಕಂಡರೆ ಇದೇ ಕಾರಣ.

ಆ ಮನೆಗೆ ಇನ್ನೊಂದು ಟ್ಯೂನರ್, ಎರಡು ಬಾಯಿಯ ಟ್ವಿನ್ ಎಲ್‌ಎನ್‌ಬಿ, ಇನ್ನೊಂದು ಕೇಬಲ್ ಹಾಕಿದೆವು. ಒಂದೇ ಕೇಬಲ್ ಅನ್ನು ಸ್ಪ್ಲಿಟರ್‌ನಿಂದ ಎರಡು ಮಾಡಿದರೆ ಆಗಲ್ವಾ ಅಂತ ಕೇಳಿದರು. ಟ್ಯೂನರ್ 13 ವೋಲ್ಟ್ ಕೊಟ್ಟರೆ ಎಲ್‌ಎನ್‌ಬಿ ಲಂಬ ತರಂಗ ಹಿಡಿಯುತ್ತದೆ, 18 ಕೊಟ್ಟರೆ ಅಡ್ಡ ತರಂಗ. ಎರಡು ಟ್ಯೂನರ್ ಒಂದೇ ತಂತಿಯಲ್ಲಿ ಎರಡು ವೋಲ್ಟೇಜ್ ಕೇಳಿದರೆ ಎಲ್‌ಎನ್‌ಬಿ ಯಾರ ಮಾತು ಕೇಳಬೇಕು? ಟ್ವಿನ್ ಎಲ್‌ಎನ್‌ಬಿಯೇ ಸರಿ. ಅಷ್ಟು ಖರ್ಚು ಬೇಡ ಅನ್ನುವವರು ಅಜ್ಜಿಯ ಟಿವಿಗೆ ಆದ್ಯತೆ ಹೆಚ್ಚಿಸಿಡಬಹುದು. ನನ್ನ ಪ್ರಕಾರ ಅದೇ ನ್ಯಾಯ ಕೂಡ.

ಗಡಿಯಾರ ನೋಡಿ

ತೊಂದರೆ ಯಾವ ಹೊತ್ತಿಗೆ ಬರುತ್ತದೆ ಅಂತ ಒಂದು ಚೀಟಿಯಲ್ಲಿ ಬರೆದಿಡಿ. ಹೊತ್ತು ಗೊತ್ತಾದರೆ ಅರ್ಧ ಕಾರಣ ಗೊತ್ತಾದ ಹಾಗೆ.

ಮಾರ್ಚ್ ನಡುವೆ ಕೆಲವು ದಿನ, ಮತ್ತೆ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಆರಂಭದಲ್ಲಿ ಕೆಲವು ದಿನ, ಬೆಳಿಗ್ಗೆ 11ರ ಆಸುಪಾಸು ಕೆಲವು ನಿಮಿಷ ಚಿತ್ರ ಚೂರಾಗಿ ಹೋಗುತ್ತದೆ. ಆಕಾಶ ನಿರ್ಮಲವಾಗಿರುತ್ತದೆ, ಮೋಡದ ಸುಳಿವೂ ಇರುವುದಿಲ್ಲ. ಆಗ ಸೂರ್ಯ ಸರಿಯಾಗಿ ಉಪಗ್ರಹದ ಹಿಂದೆ ಬಂದಿರುತ್ತಾನೆ. ಡಿಶ್‌ಗೆ ಸೂರ್ಯನ ರೇಡಿಯೋ ಗದ್ದಲವೇ ಜಾಸ್ತಿ ಕೇಳುತ್ತದೆ. ಇದಕ್ಕೆ ರಿಪೇರಿ ಇಲ್ಲ, ತಾನಾಗಿ ಸರಿಹೋಗುತ್ತದೆ. ಯಾರಾದರೂ ಆ ಹೊತ್ತಿಗೆ ಬಂದು ಎಲ್‌ಎನ್‌ಬಿ ಬದಲಾಯಿಸಿ ದುಡ್ಡು ಕೇಳಿದರೆ ಕೊಡಬೇಡಿ.

ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಮಾತ್ರ ತೊಂದರೆ ಬಂದರೆ ಸೆಕೆಯೇ ಕಾರಣ ಇರಬಹುದು. ರಾಯಚೂರಿನಲ್ಲಿ ಹೊರಗೆ 40 ದಾಟಿದ ದಿನ ಗಾಜಿನ ಬಾಗಿಲು ಮುಚ್ಚಿದ ಶೋಕೇಸ್ ಒಳಗೆ ಎಷ್ಟಿರಬೇಕು ಯೋಚಿಸಿ. ರಾಸ್ಪ್‌ಬೆರಿ ಪೈ 4 ಅನ್ನುವ ಸಣ್ಣ ಕಂಪ್ಯೂಟರ್ ತನ್ನ ಚಿಪ್ 80 ಡಿಗ್ರಿ ಮುಟ್ಟಿದರೆ ತಾನೇ ವೇಗ ಇಳಿಸುತ್ತದೆ. ಕಂಟಿನ್ಯೂಟಿ ಎಣಿಕೆ ಮಧ್ಯಾಹ್ನ ಮಾತ್ರ ಏರುವುದು ಅದಕ್ಕೇ. ಪೆಟ್ಟಿಗೆಯನ್ನು ಹೊರಗಿಡಿ, ಬಳ್ಳಾರಿಯ ಕೆಂಪು ಧೂಳನ್ನು ಬ್ರಷ್‌ನಿಂದ ತೆಗೆಯಿರಿ, ಸಣ್ಣ ಫ್ಯಾನ್ ಹಾಕಿ.

ಸಂಜೆ ಎಲ್ಲರೂ ಮನೆ ಸೇರಿದ ಮೇಲೆ ಚಕ್ರ ತಿರುಗಿದರೆ ವೈಫೈ.

ಕರೆಂಟ್ ಹೋಗಿ ಬಂದ ಮೇಲೆ ಒಂದು ಚಾನೆಲ್ಲೂ ತೆರೆಯದಿದ್ದರೆ ಅದು ಬೇರೆಯೇ ಕಥೆ. ರೌಟರ್ ಎದ್ದಾಗ ರಿಸೀವರ್‌ಗೆ ಹೊಸ ಐಪಿ ವಿಳಾಸ ಕೊಟ್ಟಿರುತ್ತದೆ. ಹಿಂದಿನ ಕೋಣೆಯ ಟಿವಿಯಲ್ಲಿರುವ ಪಟ್ಟಿ ಮಾತ್ರ ಹಳೇ ವಿಳಾಸದ ಬಾಗಿಲನ್ನೇ ಬಡಿಯುತ್ತಿರುತ್ತದೆ. ರೌಟರ್ ಪುಟಕ್ಕೆ ಹೋಗಿ ಡಿಎಚ್‌ಸಿಪಿ ರಿಸರ್ವೇಶನ್‌ನಲ್ಲಿ ರಿಸೀವರ್‌ಗೆ ಒಂದು ಖಾಯಂ ವಿಳಾಸ ಕೊಡಿ. ಐದು ನಿಮಿಷದ ಕೆಲಸ, ಮತ್ತೆ ಆ ತೊಂದರೆ ಬರುವುದಿಲ್ಲ. ನಮ್ಮ ಕಡೆ ಬೇಸಿಗೆಯಲ್ಲಿ ಕರೆಂಟ್ ಹೋಗಿಬರುವುದು ಗೊತ್ತೇ ಇದೆ, ಏರ್ಪಾಡು ಮಾಡಿದ ದಿನವೇ ಇದನ್ನು ಮಾಡಿಬಿಡಿ. ರೌಟರ್ ಮತ್ತು ರಿಸೀವರ್ ಎರಡೂ ಇನ್ವರ್ಟರ್ ಲೈನ್‌ನಲ್ಲಿವೆಯೇ ಅಂತಲೂ ನೋಡಿ.

ಕಲ್ಲಿನ ಗೋಡೆಗೆ ವೈಫೈ ಸೋಲುತ್ತದೆ

ಫೈಲ್ ಸ್ವಚ್ಛ, ಎಣಿಕೆಗಳೆಲ್ಲ ಸೊನ್ನೆ, ಆದರೂ ಚಕ್ರ ತಿರುಗುತ್ತದೆ. ಹಾಗಾದರೆ ಒಂದು ಉದ್ದದ ನೆಟ್‌ವರ್ಕ್ ಕೇಬಲ್ ತಂದು, ರಿಸೀವರ್‌ನಿಂದ ರೌಟರ್‌ಗೆ, ರೌಟರ್‌ನಿಂದ ಹಿಂದಿನ ಕೋಣೆಗೆ ನೆಲದ ಮೇಲೇ ಎಳೆದು ನೋಡಿ. ಚಿತ್ರ ಸರಾಗವಾಗಿ ಬಂದರೆ ವೈಫೈ ತಪ್ಪು ಅಂತ ಖಾತ್ರಿಯಾಯಿತು.

ಲೆಕ್ಕ ದೊಡ್ಡದೇನಲ್ಲ. ಫ್ರೀ ಡಿಶ್‌ನ ಸಾಧಾರಣ ಎಸ್‌ಡಿ ಚಾನೆಲ್‌ಗೆ ಸೆಕೆಂಡಿಗೆ 2ರಿಂದ 4 ಮೆಗಾಬಿಟ್ ಸಾಕು. ಎಚ್‌ಡಿಗೆ 10ರ ಒಳಗೆ. ಹಲವು ಚಾನೆಲ್ ಸೇರಿದ ಒಂದು ಇಡೀ ಟ್ರಾನ್ಸ್‌ಪಾಂಡರ್ ಮಾತ್ರ ಸುಮಾರು 40 ಮೆಗಾಬಿಟ್ ಆಗಬಹುದು. ಗೊತ್ತಿಲ್ಲದೆ ಇಡೀ ಟ್ರಾನ್ಸ್‌ಪಾಂಡರನ್ನೇ ವೈಫೈ ಮೇಲೆ ಕಳಿಸುವವರಿದ್ದಾರೆ. ಒಂದು ಚಾನೆಲ್ ಮಾತ್ರ ಹೋಗುತ್ತಿದೆಯಾ ಅಂತ ಟಿವಿಹೆಡ್‌ಎಂಡ್‌ನ ಸಬ್‌ಸ್ಕ್ರಿಪ್ಶನ್ಸ್ ಪುಟದಲ್ಲಿ ನೋಡಿ.

ಕೊಪ್ಪಳ, ರಾಯಚೂರಿನ ಹಳೇ ಮನೆಗಳ ಗೋಡೆ ಎರಡು ಅಡಿ ಕಲ್ಲು. ಅದನ್ನು ದಾಟಿ ಹೋಗುವಷ್ಟರಲ್ಲಿ 5 ಗಿಗಾಹರ್ಟ್ಸ್ ವೈಫೈ ಸತ್ತೇ ಹೋಗಿರುತ್ತದೆ. 2.4 ಗಿಗಾಹರ್ಟ್ಸ್ ಸ್ವಲ್ಪ ದೂರ ಹೋಗುತ್ತದೆ, ಆದರೆ ಅಕ್ಕಪಕ್ಕದ ಮನೆಯವರದ್ದೂ ಅಲ್ಲೇ ತುಂಬಿರುತ್ತದೆ. ವೈಫೈ ಚಾನೆಲ್ 1, 6, 11ರಲ್ಲಿ ಖಾಲಿ ಇರುವುದನ್ನು ರೌಟರ್‌ನಲ್ಲಿ ಆರಿಸಿ. ಕಬ್ಬಿಣದ ಅಲ್ಮೆರಾ ಹಿಂದೆ ರೌಟರ್ ಇಟ್ಟಿದ್ದರೆ ಮೊದಲು ಅದನ್ನು ಸರಿಸಿ. ಎಕ್ಸ್‌ಟೆಂಡರ್ ಕೊಳ್ಳುವ ದುಡ್ಡಿಗೆ ಕೇಬಲ್ ಎಳೆಸಿದರೆ ಶಾಶ್ವತ ಪರಿಹಾರ. 100 ಮೀಟರ್‌ವರೆಗೆ ಅಡ್ಡಿಯಿಲ್ಲ. ಎಳೆಸಿದ ಮೇಲೆ ಲಿಂಕ್ ವೇಗ ಎಷ್ಟಿದೆ ನೋಡಿ. ಪ್ಲಗ್ ಸರಿಯಾಗಿ ಕ್ರಿಂಪ್ ಆಗದಿದ್ದರೆ 100 ಅಥವಾ 1000 ಇರಬೇಕಾದಲ್ಲಿ 10ಕ್ಕೆ ಇಳಿದು ಕೂತಿರುತ್ತದೆ, ಎಚ್‌ಡಿ ಅಲ್ಲಿಗೇ ನಿಲ್ಲುತ್ತದೆ.

ಅಂಗಳ ದಾಟಿ ಬೇರೆ ಕಟ್ಟಡಕ್ಕೆ ಹೋಗುವುದಾದರೆ ತಾಮ್ರದ ತಂತಿ ಬೇಡ. ಮುಂಗಾರಿಗೆ ಮುಂಚಿನ ಗುಡುಗು ಸಿಡಿಲಿಗೆ ಎರಡೂ ತುದಿಯ ಯಂತ್ರ ಸುಟ್ಟುಹೋಗಬಹುದು. ಫೈಬರ್ ಎಳೆಸಿ.

ಅಲ್ಪಸ್ವಲ್ಪ ತಡೆಗೆ ವಿಎಲ್‌ಸಿಯಲ್ಲಿ ನೆಟ್‌ವರ್ಕ್ ಕ್ಯಾಶಿಂಗ್ (ಚಿತ್ರವನ್ನು ಮುಂಚಿತವಾಗಿ ತುಂಬಿಟ್ಟುಕೊಳ್ಳುವ ಹೊತ್ತು) 1000 ಮಿಲಿಸೆಕೆಂಡ್ ಇರುವುದನ್ನು 3000ಕ್ಕೆ ಏರಿಸಿದರೆ ಸಾಕಾಗುತ್ತದೆ.

ದನಿ ಬಂದರೂ ಚಿತ್ರ ಇಲ್ಲ

ವಿಎಲ್‌ಸಿಯಲ್ಲಿ ಬರುವ ಚಾನೆಲ್ ಬ್ರೌಸರ್‌ನಲ್ಲಿ ಬರದಿದ್ದರೆ ಅದು ದೋಷ ಅಲ್ಲ. ಫ್ರೀ ಡಿಶ್‌ನ ಎಷ್ಟೋ ಚಾನೆಲ್ ಎಂಪೆಗ್-2 ಅನ್ನುವ ಹಳೇ ಚಿತ್ರ ರೂಪದಲ್ಲಿವೆ, ಬ್ರೌಸರ್‌ಗಳು ಅದನ್ನು ತೋರಿಸುವುದಿಲ್ಲ. ಓಡುವ ಆಟಗಾರನ ಅಂಚಿನಲ್ಲಿ ಬಾಚಣಿಗೆ ಹಲ್ಲಿನಂಥ ಗೆರೆ ಕಂಡರೆ ವಿಎಲ್‌ಸಿಯಲ್ಲಿ ಡೀಇಂಟರ್‌ಲೇಸ್ ಆನ್ ಮಾಡಿ.

ಹಣ ಕಟ್ಟುವ ಡಿಟಿಎಚ್ ಪೆಟ್ಟಿಗೆಯ ಎಚ್‌ಡಿಎಂಐ ತಂತಿಯನ್ನು, ಚಿತ್ರವನ್ನು ನೆಟ್‌ವರ್ಕ್‌ಗೆ ಬಿಡುವ ಎನ್‌ಕೋಡರ್‌ಗೆ ಕೊಟ್ಟು ಕಪ್ಪು ತೆರೆ ನೋಡುತ್ತಿದ್ದರೆ ಅದು ನಕಲು ತಡೆಯುವ ಎಚ್‌ಡಿಸಿಪಿ ರಕ್ಷಣೆ. ಅದನ್ನು ಮುರಿಯುವ ದಾರಿ ನಾನು ಹೇಳುವುದಿಲ್ಲ. ಆ ಕಂಪನಿಯಿಂದಲೇ ಎರಡನೇ ಟಿವಿಗೆ ಸಂಪರ್ಕ ತೆಗೆದುಕೊಳ್ಳಿ. ಇಲ್ಲಿ ಹೇಳಿದ್ದೆಲ್ಲ ಉಚಿತ ಚಾನೆಲ್‌ಗಳಿಗೆ, ಅದೂ ನಿಮ್ಮ ಮನೆಯವರು ನೋಡಲಿಕ್ಕೆ.

ಮನೆಯಲ್ಲಿ ಸರಿ, ಬೆಂಗಳೂರಿನಲ್ಲಿ ಇಲ್ಲ

ಮನೆಯೊಳಗೆ ಎಲ್ಲ ಸರಿ ಇದ್ದು ಹೊರಗಿನಿಂದ ಮಾತ್ರ ತೆರೆಯದಿದ್ದರೆ ರೌಟರ್‌ನ ವ್ಯಾನ್ ಐಪಿ, ಅಂದರೆ ಇಂಟರ್ನೆಟ್ ಕಡೆಯ ವಿಳಾಸ, ನೋಡಿ. ಅದು 100.64ರಿಂದ 100.127ರ ನಡುವೆ ಶುರುವಾಗುತ್ತಿದ್ದರೆ ನಿಮ್ಮ ಇಂಟರ್ನೆಟ್ ಕಂಪನಿ ಒಂದೇ ಹೊರಗಿನ ವಿಳಾಸವನ್ನು ಹಲವು ಮನೆಗೆ ಹಂಚಿದೆ. ಇದಕ್ಕೆ ಸಿಜಿನ್ಯಾಟ್ ಅನ್ನುತ್ತಾರೆ. ಹೊರಗಿನಿಂದ ದಾರಿ ಬಿಡಲು ರೌಟರ್‌ನಲ್ಲಿ ನೀವು ಎಷ್ಟು ಪೋರ್ಟ್ ಫಾರ್ವರ್ಡ್ ಮಾಡಿದರೂ ಹೊರಗಿನವರು ನಿಮ್ಮ ಮನೆ ಬಾಗಿಲಿಗೆ ಬರಲಾರರು. ಸ್ಥಿರ ಐಪಿ ಕೇಳಿ ತೆಗೆದುಕೊಳ್ಳಿ, ಇಲ್ಲವೇ ಖಾಸಗಿ ದಾರಿ ಕೂಡಿಸುವ ಟೇಲ್‌ಸ್ಕೇಲ್‌ನಂಥ ತಂತ್ರಾಂಶವನ್ನು ಎರಡೂ ಕಡೆ ಹಾಕಿ.

ಸ್ಥಿರ ಐಪಿ ಸಿಕ್ಕಿತು ಅಂತ 9981 ಅಥವಾ ಲಿನಕ್ಸ್ ರಿಸೀವರ್‌ನ 8001 ಪೋರ್ಟನ್ನು ನೇರ ಹೊರಗೆ ತೆರೆಯಬೇಡಿ. ಇಂಟರ್ನೆಟ್‌ನಲ್ಲಿ ಇಂಥ ಬಾಗಿಲು ಹುಡುಕುವ ಯಂತ್ರಗಳು ಹಗಲು ರಾತ್ರಿ ಓಡುತ್ತಿರುತ್ತವೆ. ಕೀಲಿ ಇದ್ದವರನ್ನು ಮಾತ್ರ ಒಳಬಿಡುವ ವಯರ್‌ಗಾರ್ಡ್ ಹಾಕಿ, ಅದರ ಒಂದು ಪೋರ್ಟ್ ಮಾತ್ರ ತೆರೆಯಿರಿ.

ವಯರ್‌ಗಾರ್ಡ್ ಕೂಡಿದೆ, ಚಾನೆಲ್ ಪಟ್ಟಿ ಬರುತ್ತದೆ, ಆದರೆ ಚಿತ್ರ ಒತ್ತಿದ ಕೂಡಲೇ ನಿಲ್ಲುತ್ತದೆ ಅನ್ನುವುದು ಇನ್ನೊಂದು ದೂರು. ಪಟ್ಟಿಯ ಪ್ಯಾಕೆಟ್‌ಗಳು ಸಣ್ಣವು, ದಾಟುತ್ತವೆ. ಚಿತ್ರದ ದೊಡ್ಡ ಪ್ಯಾಕೆಟ್‌ಗಳು ದಾರಿಯಲ್ಲಿ ಸಿಕ್ಕಿಕೊಳ್ಳುತ್ತವೆ. ಎರಡೂ ತುದಿಯಲ್ಲಿ ಎಂಟಿಯು (ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ) 1280ಕ್ಕೆ ಇಳಿಸಿ ನೋಡಿ. ಅದಾದ ಮೇಲೂ ಮಗಳ ಹಾಸ್ಟೆಲ್‌ನಲ್ಲಿ ಮಾತ್ರ ಚಕ್ರ ತಿರುಗಿದರೆ, ಅಲ್ಲಿನ ನೆಟ್‌ಗೆ 4 ಮೆಗಾಬಿಟ್ ಎಳೆಯುವ ಶಕ್ತಿ ಇಲ್ಲ ಅಂತ ಅರ್ಥ. ಮನೆಯ ಪೆಟ್ಟಿಗೆಯಲ್ಲೇ ಚಿತ್ರವನ್ನು ಹೆಚ್ಚು ಅಡಕವಾದ ಎಚ್.264 ರೂಪಕ್ಕೆ ಬದಲಾಯಿಸಿ, ಒಂದು ಒಂದೂವರೆ ಮೆಗಾಬಿಟ್‌ಗೆ ಇಳಿಸಿ ಕಳಿಸಿ. ಕೆಲವು ಲಿನಕ್ಸ್ ರಿಸೀವರ್‌ಗಳು ಈ ಕೆಲಸವನ್ನು 8002 ಪೋರ್ಟ್‌ನಲ್ಲಿ ತಾವೇ ಮಾಡುತ್ತವೆ. ಸಣ್ಣ ಕಂಪ್ಯೂಟರ್ ಇದ್ದವರು ಅದರ ಗ್ರಾಫಿಕ್ಸ್ ಚಿಪ್‌ನಿಂದ ಈ ಕೆಲಸ ಮಾಡಿಸಿ, ಇಲ್ಲದಿದ್ದರೆ ಪ್ರೊಸೆಸರ್ ಮೇಲೇ ಭಾರ ಬಿದ್ದು ಮನೆಯ ಟಿವಿಯೂ ಚೂರಾಗಲು ಶುರುವಾಗುತ್ತದೆ.